ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯ ರೆಕಾರ್ಡಿಂಗ್ ಕೇಳುವುದು ಹೇಗೆ: ಎಂಟು ಸ್ವರ ಹಿಡಿದು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಪ–ಗ, ಸ–ದ, ಮ–ರಿ, ನಿ–ಪ. ಇಷ್ಟನ್ನು ಕೀರವಾಣಿಯ ಸ್ವರಸ್ಥಾನಗಳಲ್ಲಿ ನಿಧಾನವಾಗಿ ಗುನುಗಿ. ನಿ ಮಾತ್ರ ಮಂದ್ರದ್ದು, ಉಳಿದದ್ದೆಲ್ಲ ಮಧ್ಯ ಸ್ಥಾಯಿ. ಪ್ರತಿ ಜೋಡಿಯಲ್ಲೂ ಮೊದಲ ಸ್ವರ ಗಿಡ್ಡ, ಎರಡನೆಯದು ಉದ್ದ, ಆಮೇಲೆ ಒಂದು ಚೂರು ಉಸಿರು. ಒಂದು ಜೋಡಿ ಇಳಿಯುತ್ತದೆ, ಮುಂದಿನದು ಏರುತ್ತದೆ, ಮತ್ತೆ ಇಳಿ, ಮತ್ತೆ ಏರು. ಸ್ವರ ಗೊತ್ತಿಲ್ಲದವರು ಫೋನಿನಲ್ಲಿ ಯಾವುದಾದರೂ ಪಿಯಾನೊ ಆಪ್ ತೆಗೆದು ಬಿ–ಜಿ, ಇ–ಸಿ, ಎ–ಎಫ್ ಶಾರ್ಪ್, ಡಿ ಶಾರ್ಪ್–ಬಿ ಒತ್ತಿ ನೋಡಿ. ಎರಡು ನಿಮಿಷ ಸಾಕು.

ಹತ್ತೊಂಬತ್ತನೇ ಶತಮಾನದ ಜರ್ಮನ್ ಸಂಗೀತಗಾರ ಯೊಹಾನೆಸ್ ಬ್ರಾಮ್ಸ್‌ನ ನಾಲ್ಕನೇ ಸಿಂಫನಿ, ಅಂದರೆ ಆರ್ಕೆಸ್ಟ್ರಾ ಅನ್ನುವ ವಾದ್ಯಗಾರರ ದೊಡ್ಡ ತಂಡಕ್ಕೆಂದು ಬರೆದ ದೊಡ್ಡ ಕೃತಿ, ಶುರುವಾಗುವುದು ಈ ಎಂಟು ಸ್ವರಗಳಿಂದ. ಕೀರವಾಣಿಯ ಏಳೂ ಸ್ವರಗಳು ಇದರಲ್ಲಿವೆ, ಪಂಚಮ ಮಾತ್ರ ಎರಡು ಸಲ ಬರುತ್ತದೆ. ಹಾಗಂತ ಇದು ಕೀರವಾಣಿ ರಾಗ ಅಲ್ಲ. ಗಮಕ ಇಲ್ಲ, ರಾಗದ ನಡೆ ಇಲ್ಲ, ಸ್ವರಗಳಷ್ಟೇ ಒಂದೇ. ಆದರೆ ನಮ್ಮ ಕಿವಿಗೆ ಹಿಡಿದುಕೊಳ್ಳಲು ಒಂದು ಗೂಟ ಸಿಕ್ಕಿತು, ಅಲ್ವಾ? ನಲವತ್ತು ನಿಮಿಷದ ಸಂಗೀತ ಕೇಳುವಾಗ ಬೇಕಾಗುವುದು ಅದೇ. ಸಿಂಫನಿ ಕೇಳಲು ದುಬಾರಿ ಸ್ಪೀಕರ್ ಬೇಕು, ಯುರೋಪಿನ ಇತಿಹಾಸ ಗೊತ್ತಿರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸಿಲ್ಲ. ಬೇಕಾದದ್ದು ನೆನಪು. ಒಂದು ಚಿಕ್ಕ ತುಣುಕನ್ನು ನೆನಪಿಟ್ಟುಕೊಂಡು, ಅದು ಮತ್ತೆ ಬಂದಾಗ "ಓ, ಇದು ಅದೇ" ಅಂತ ಗುರುತು ಹಿಡಿಯುವುದು. ಈ ಮಾರ್ಗದರ್ಶಿಯಲ್ಲಿ ನಾನು ಹೇಳಹೊರಟಿರುವುದೆಲ್ಲ ಆ ಗುರುತು ಹಿಡಿಯುವ ಕೆಲಸದ ಬಗ್ಗೆಯೇ.

ಯಾಕೆ ಇದೇ ಸಿಂಫನಿ

ರೊಮ್ಯಾಂಟಿಕ್ ಕಾಲದ, ಅಂದರೆ ಹೆಚ್ಚುಕಡಿಮೆ ಹತ್ತೊಂಬತ್ತನೇ ಶತಮಾನದ, ಸಿಂಫನಿಗಳು ಬೇಕಾದಷ್ಟಿವೆ. ಚೈಕೊವ್‌ಸ್ಕಿ ಕೇಳಿದ ತಕ್ಷಣ ಮನಸ್ಸಿಗೆ ತಾಗುತ್ತಾನೆ, ಮಾಹ್ಲರ್ ಒಂದು ಗಂಟೆಗೂ ಜಾಸ್ತಿ ಹೊತ್ತು ಹಿಡಿದು ಕೂರಿಸುತ್ತಾನೆ. ಬ್ರಾಮ್ಸ್‌ನ ನಾಲ್ಕನೆಯದನ್ನು ನಾನು ಆರಿಸಿದ್ದು ಎರಡು ಕಾರಣಕ್ಕೆ. ಸುಮಾರು ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಮತ್ತೆ, ಇದರ ಕೊನೆಯ ಭಾಗ ತಾಳದ ಆವರ್ತ ಎಣಿಸಿ ಅಭ್ಯಾಸ ಇರುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. 1884 ಮತ್ತು 1885ರ ಬೇಸಿಗೆಗಳಲ್ಲಿ, ಆಸ್ಟ್ರಿಯಾದ ಗುಡ್ಡಗಾಡಿನ ಮ್ಯುರ್ಟ್ಸ್‌ಸುಷ್‌ಲಾಗ್ ಅನ್ನುವ ಊರಿನಲ್ಲಿ ಕೂತು ಬ್ರಾಮ್ಸ್ ಇದನ್ನು ಬರೆದ. ಅಲ್ಲಿಯ ಚಳಿಗೆ ಚೆರ್ರಿ ಹಣ್ಣು ಸಿಹಿಯಾಗಿ ಮಾಗುವುದಿಲ್ಲ, ನನ್ನ ಹೊಸ ಸಿಂಫನಿಗೂ ಆ ಹುಳಿ ಬಂದಿರಬಹುದು ಅಂತ ಪರಿಚಯದವರಿಗೆ ಪತ್ರದಲ್ಲಿ ಹೇಳಿಕೊಂಡಿದ್ದ. ಮೊದಲ ಕಛೇರಿ 1885ರ ಅಕ್ಟೋಬರ್ 25ರಂದು ಜರ್ಮನಿಯ ಮೈನಿಂಗೆನ್‌ನಲ್ಲಿ ಆಯಿತು, ಕಂಡಕ್ಟರ್, ಅಂದರೆ ಎದುರು ನಿಂತು ಆರ್ಕೆಸ್ಟ್ರಾವನ್ನು ನಡೆಸುವವನು, ಸ್ವತಃ ಬ್ರಾಮ್ಸ್. ಆ ಆರ್ಕೆಸ್ಟ್ರಾದಲ್ಲಿ ಇದ್ದದ್ದು ಐವತ್ತು ಜನರೊಳಗೆ. ಈ ಕೊನೆಯ ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಂತ 1: ಒಂದೇ ರೆಕಾರ್ಡಿಂಗ್ ಆರಿಸಿ, ಒಂದು ತಿಂಗಳು ಅದನ್ನೇ ಕೇಳಿ

ಆಪ್ ತೆಗೆದು ಬ್ರಾಮ್ಸ್ ಅಂತ ಹುಡುಕಿದರೆ ನೂರಾರು ಬರುತ್ತವೆ. ಹೊಸಬರು ಎಡವುವುದು ಇಲ್ಲೇ. ಇವತ್ತು ಒಂದು, ನಾಳೆ ಇನ್ನೊಂದು ಕೇಳಿ, ಯಾವುದೂ ಮನಸ್ಸಲ್ಲಿ ನಿಲ್ಲದೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ.

ನನ್ನ ಸಲಹೆ, ಕಾರ್ಲೊಸ್ ಕ್ಲೈಬರ್ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ 1980ರಲ್ಲಿ ಡಾಯ್ಚ ಗ್ರಾಮೊಫೋನ್ ಕಂಪನಿಗೆ ಮಾಡಿದ ರೆಕಾರ್ಡಿಂಗ್. ಕ್ಲೈಬರ್ ಇಡೀ ಜೀವನದಲ್ಲಿ ರೆಕಾರ್ಡ್ ಮಾಡಿದ್ದೇ ಕಡಿಮೆ, ಮಾಡಿದ್ದರಲ್ಲಿ ಒಂದು ಕ್ಷಣವೂ ಸಡಿಲ ಇರುವುದಿಲ್ಲ. ಡಿಜಿಟಲ್ ರೆಕಾರ್ಡಿಂಗ್‌ನ ಆರಂಭದ ದಿನಗಳದ್ದು, ಹಾಗಾಗಿ ಪಿಟೀಲುಗಳ ಮೇಲಿನ ಸ್ವರಗಳು ನನ್ನ ಕಿವಿಗೆ ಸ್ವಲ್ಪ ಗಡುಸು ಅನ್ನಿಸುತ್ತವೆ. ಆದರೂ ಕಲಿಯಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಪ್ರತಿ ವಾದ್ಯದ ಮಾತೂ ಸ್ಪಷ್ಟವಾಗಿ ಕೇಳುತ್ತದೆ, ನಡೆ ಎಲ್ಲೂ ಜಗ್ಗುವುದಿಲ್ಲ.

ಹುಡುಕುವಾಗ ಕೃತಿಯ ಹೆಸರಿನ ಜೊತೆ ಕಂಡಕ್ಟರ್ ಹೆಸರನ್ನೂ ಹಾಕಿ. ಸಿಂಫನಿಗೆ ನಾಲ್ಕು ಭಾಗ, ಅಂದರೆ ನಾಲ್ಕು ಮೂವ್‌ಮೆಂಟ್. ಆಪ್‌ನಲ್ಲಿ ಅವು ನಾಲ್ಕು ಬೇರೆ ಹಾಡುಗಳ ಹಾಗೆ ಕಾಣುತ್ತವೆ. ನಾಲ್ಕೂ ಇವೆಯಾ, ವರಸೆಯಲ್ಲಿ ಇವೆಯಾ ನೋಡಿಕೊಳ್ಳಿ. ಶಫಲ್ ಆಫ್ ಇರಲಿ. ನಡುವೆ ಜಾಹೀರಾತು ಬರುವ ಕಡೆ ಕೇಳಬೇಡಿ, ಕಷ್ಟಪಟ್ಟು ಕಟ್ಟಿದ ನೆನಪೆಲ್ಲ ಒಂದು ಸೋಪಿನ ಜಾಹೀರಾತಿಗೆ ಚದುರಿಹೋಗುತ್ತದೆ. ವಾಲ್ಯೂಮ್ ಅನ್ನು ತಾನಾಗಿಯೇ ಸಮ ಮಾಡುವ ಸೆಟಿಂಗ್ ಇದ್ದರೆ ಅದನ್ನೂ ಆಫ್ ಮಾಡಿ. ಈ ಸಂಗೀತದಲ್ಲಿ ಮೆಲ್ಲಗೆ ಅಂದರೆ ನಿಜವಾಗಿ ಮೆಲ್ಲಗೆ, ಜೋರು ಅಂದರೆ ನಿಜವಾಗಿ ಜೋರು. ಆ ಅಂತರ ಹಾಗೇ ಇರಬೇಕು.

ಹಂತ 2: ಸದ್ದಿಲ್ಲದ ನಲವತ್ತು ನಿಮಿಷ ಹುಡುಕಿ

ನಾನು ಈ ಸಿಂಫನಿಯನ್ನು ಮೊದಲು ಕೇಳಿದ್ದು ಬಸ್ಸಿನಲ್ಲಿ, ಕಿವಿಗೆ ಸಾಧಾರಣ ಇಯರ್‌ಫೋನ್ ಹಾಕಿಕೊಂಡು. ಎರಡನೇ ಭಾಗದಲ್ಲಿ ಕ್ಲಾರಿನೆಟ್ ಮೆಲ್ಲಗೆ ಹಾಡುವ ಕಡೆ ನನಗೆ ಏನೂ ಕೇಳಿಸಲೇ ಇಲ್ಲ, ಫೋನ್ ನಿಂತಿತು ಅಂದುಕೊಂಡು ವಾಲ್ಯೂಮ್ ಪೂರ್ತಿ ಏರಿಸಿದೆ, ಸ್ವಲ್ಪ ಹೊತ್ತಿಗೆ ಮೂರನೇ ಭಾಗ ಇಡೀ ಆರ್ಕೆಸ್ಟ್ರಾ ಸಮೇತ ಕಿವಿಗೆ ಬಡಿಯಿತು. ಈ ಸಂಗೀತ ನನಗಲ್ಲ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದೆ. ತಪ್ಪು ಸಂಗೀತದ್ದಾಗಿರಲಿಲ್ಲ, ಜಾಗದ್ದಾಗಿತ್ತು. ಸಿನಿಮಾ ಹಾಡುಗಳ ರೆಕಾರ್ಡಿಂಗ್‌ನಲ್ಲಿ ಮೆಲು ದನಿ, ಜೋರು ದನಿ ಎರಡನ್ನೂ ಹತ್ತಿರ ಹತ್ತಿರ ತಂದಿರುತ್ತಾರೆ, ಅದಕ್ಕೇ ಬಸ್ಸಿನಲ್ಲೂ ಕೇಳಿಸುತ್ತದೆ. ಸಿಂಫನಿಯ ರೆಕಾರ್ಡಿಂಗ್‌ನಲ್ಲಿ ಹಾಗೆ ಮಾಡುವುದು ಕಡಿಮೆ.

ಹಾಗಾಗಿ ಮನೆಯಲ್ಲಿ ಮಿಕ್ಸಿ, ಕುಕ್ಕರ್, ಟಿವಿ ಯಾವುದೂ ಇಲ್ಲದ ಹೊತ್ತು ನೋಡಿಕೊಳ್ಳಿ. ನನಗೆ ಒಗ್ಗಿದ್ದು ಬೆಳಗಿನ ಐದೂವರೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಒಳ್ಳೆಯದು, ತಂತಿ ಇರುವ ಸಾಮಾನ್ಯದ್ದೇ ನಡೆಯುತ್ತದೆ. ಫೋನಿನ ಸ್ಪೀಕರ್ ಮಾತ್ರ ಬೇಡ. ಪಿಟೀಲಿನ ಜಾತಿಯ, ತೀರಾ ತಗ್ಗು ದನಿಯ ಡಬಲ್ ಬಾಸ್‌ನ ಕೆಳಗಿನ ಸ್ವರಗಳು ಅದರಲ್ಲಿ ಬರುವುದೇ ಇಲ್ಲ, ಈ ಸಿಂಫನಿಯಲ್ಲಿ ಎಷ್ಟೋ ಮುಖ್ಯ ವಿಷಯ ನಡೆಯುವುದು ಆ ತಳದಲ್ಲೇ.

ವಾಲ್ಯೂಮ್ ಹೊಂದಿಸಲು ಒಂದು ಉಪಾಯ. ನಾಲ್ಕನೇ ಭಾಗದ ಮೊದಲ ಹತ್ತು ಸೆಕೆಂಡ್ ಹಾಕಿ, ಅದು ಜೋರಾಗಿ, ಆದರೆ ಕಿವಿಗೆ ಹಿಂಸೆ ಆಗದ ಹಾಗೆ ಕೇಳುವ ಮಟ್ಟಕ್ಕೆ ಇಡಿ. ಆಮೇಲೆ ಮೊದಲಿಗೆ ಹೋಗಿ, ಮತ್ತೆ ಮುಟ್ಟಬೇಡಿ.

ಹಂತ 3: ಮೊದಲ ಸಲ ಸುಮ್ನೆ ಕೇಳಿ

ಟಿಪ್ಪಣಿ ಬೇಡ, ಓದುವುದು ಬೇಡ. ನಿದ್ದೆ ಬಂದರೂ ಪರವಾಗಿಲ್ಲ. ಕೊನೆಯಲ್ಲಿ ಮನಸ್ಸಲ್ಲಿ ಉಳಿದ ಒಂದೇ ಒಂದು ಜಾಗ ಯಾವುದು ಅಂತ ಬರೆದಿಟ್ಟುಕೊಳ್ಳಿ, ನಿಮಿಷದ ಲೆಕ್ಕ ಸಮೇತ. ಮುಂದಿನ ಸಲ ಅಲ್ಲಿಗೆ ಹೋಗುವ ದಾರಿ ಹೇಗಿತ್ತು ಅಂತ ಕೇಳಬಹುದು.

ಹಂತ 4: ಮೊದಲ ಭಾಗ, ಎಂಟು ಸ್ವರದ ಬೆನ್ನು ಹತ್ತಿ

ಈಗ ನಿಜವಾದ ಕೆಲಸ. ಈ ಭಾಗ ಕ್ಲೈಬರ್ ಕೈಯಲ್ಲಿ ಹದಿಮೂರು ನಿಮಿಷದ ಒಳಗೆ ಮುಗಿಯುತ್ತದೆ. ಮೂರ್ನಾಲ್ಕು ದಿನ ಇದೊಂದನ್ನೇ ಕೇಳಿ.

ಶುರುವಾಗುವುದು ಪೀಠಿಕೆಯೇ ಇಲ್ಲದೆ. ಒಂದು ಹಂತದಲ್ಲಿ ನಾಲ್ಕು ಗೆರೆಗಳ (ಗೆರೆ ಅಂದರೆ ಸ್ವರಲಿಪಿಯ ಒಂದು ಅಳತೆ, ಬಾರ್) ಚಿಕ್ಕ ಪೀಠಿಕೆ ಬರೆದಿದ್ದ ಬ್ರಾಮ್ಸ್ ಆಮೇಲೆ ಅದನ್ನು ಹೊಡೆದುಹಾಕಿದ. ಹಾಗಾಗಿ ಪಿಟೀಲುಗಳು ಎಲ್ಲಿಂದಲೋ ಆಗಲೇ ಹಾಡುತ್ತಾ ಬರುತ್ತಿದ್ದವು, ನಾವು ಈಗ ಬಾಗಿಲು ತೆಗೆದೆವು ಅನ್ನುವ ಹಾಗೆ ಇರುತ್ತದೆ. ಮೊದಲ ಹದಿನೈದು ಸೆಕೆಂಡನ್ನು ಮೂರು ಸಲ ಕೇಳಿ. ಮೊದಲ ಸಲ ಪಿಟೀಲು ಮಾತ್ರ, ಅಂದರೆ ನೀವು ಗುನುಗಿದ ಎಂಟು ಸ್ವರ. ಎರಡನೇ ಸಲ, ಪಿಟೀಲು ಉಸಿರು ಬಿಡುವ ಚಿಕ್ಕ ಬಿಡುವುಗಳಲ್ಲಿ ಫ್ಲೂಟ್, ಕ್ಲಾರಿನೆಟ್ ಮುಂತಾದ ಊದುವ ವಾದ್ಯಗಳು ಉತ್ತರ ಕೊಡುವುದನ್ನು ಗಮನಿಸಿ. ಅವು ಪೆಟ್ಟಿನ ಮೇಲೆ ಬರುವುದಿಲ್ಲ, ಪೆಟ್ಟು ಬಿಟ್ಟು ಆಮೇಲೆ ಬರುತ್ತವೆ. ಮೂರನೇ ಸಲ, ಕೆಳಗೆ ಚೆಲ್ಲೊಗಳು (ಪಿಟೀಲಿನದೇ ಜಾತಿಯ, ತಗ್ಗು ದನಿಯ ದೊಡ್ಡ ವಾದ್ಯ) ಏರಿ ಇಳಿಯುವುದು. ಮೂರೂ ಒಟ್ಟಿಗೇ ನಡೆಯುತ್ತಿವೆ. ಈ ಮೂರು ಪದರ ಬೇರೆ ಬೇರೆಯಾಗಿ ಕೇಳಿಸಲು ಶುರುವಾದರೆ ಅರ್ಧ ಗೆದ್ದ ಹಾಗೆ.

ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಎರಡು ತೊಡಕು ಇವೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಒಂದು, ಇಲ್ಲಿ ತಂಬೂರಿ ಇಲ್ಲ. ಷಡ್ಜ ಒಂದೇ ಕಡೆ ಕೂರುವುದಿಲ್ಲ, ಸ್ವಲ್ಪ ಹೊತ್ತಿಗೆ ಬೇರೆ ಕಡೆ ಹೋಗುತ್ತದೆ, ಕೊನೆಗೆ ಮನೆಗೆ ವಾಪಸ್ ಬರುತ್ತದೆ. ನೆಲ ಜಾರಿದ ಹಾಗೆ ಅನ್ನಿಸಿದರೆ ಗಾಬರಿ ಬೇಡ, ಅದು ಬೇಕೆಂದೇ ಮಾಡಿರುವುದು. ಎರಡು, ಮುಖ್ಯ ಮಾತು ಯಾವಾಗಲೂ ಮೇಲಿನ ದನಿಯಲ್ಲೇ ಇರುವುದಿಲ್ಲ. ಹಾಡುಗಾರರ ಹಿಂದೆ ಪಕ್ಕವಾದ್ಯ ಅನ್ನುವ ಜೋಡಣೆ ಇಲ್ಲಿ ಇಲ್ಲ. ಈಗ ಮುಂದೆ ಇದ್ದವರು ಮುಂದಿನ ಕ್ಷಣ ಹಿಂದೆ, ಬಾಸ್ ಮುಂದೆ.

ದಾರಿಯಲ್ಲಿ ಮೂರು ಗುರುತಿನ ಕಲ್ಲುಗಳು. ಎರಡನೇ ನಿಮಿಷ ಹೊತ್ತಿಗೆ ಊದುವ ವಾದ್ಯಗಳು ಕತ್ತು ನೆಟ್ಟಗೆ ಮಾಡಿ ಒಂದು ಗಡಸು ಘೋಷಣೆ ಮಾಡುತ್ತವೆ, ಅದರ ಬೆನ್ನಿಗೇ ಚೆಲ್ಲೊ ಮತ್ತು ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆಯ ಊದುವ ವಾದ್ಯ) ಸೇರಿ ಒಂದು ಅಗಲವಾದ ರಾಗ ಹಾಡುತ್ತವೆ (ಇಲ್ಲಿಂದ ಮುಂದೆ ರಾಗ ಅಂದರೆ ಹಾಡಿನ ಮಟ್ಟು, ಟ್ಯೂನ್). ಇದು ಮೊದಲ ಕಲ್ಲು. ಎರಡನೆಯದು ನಾಲ್ಕನೇ ನಿಮಿಷದ ಆಚೀಚೆ. ಶುರುವಿನ ಎಂಟು ಸ್ವರ ಮತ್ತೆ ಬರುತ್ತದೆ, ಮೊದಲಿನ ಹಾಗೇ. ಓ, ಇಲ್ಲಿಯವರೆಗಿನದನ್ನೆಲ್ಲ ಇನ್ನೊಮ್ಮೆ ನುಡಿಸುತ್ತಾರೆ ಅನ್ನಿಸುತ್ತದೆ, ಆಗಿನ ಕಾಲದಲ್ಲಿ ಹಾಗೆ ನುಡಿಸುವ ಪದ್ಧತಿಯೂ ಇತ್ತು. ಆದರೆ ಕೆಲವೇ ಕ್ಷಣದಲ್ಲಿ ದಾರಿ ತಿರುಗಿ, ಗೊತ್ತಿಲ್ಲದ ಕಾಡಿಗೆ ಹೋಗಿಬಿಡುತ್ತದೆ.

ಮೂರನೇ ಕಲ್ಲು ಇಡೀ ಸಿಂಫನಿಯಲ್ಲೇ ನನಗೆ ತುಂಬಾ ಹತ್ತಿರವಾದ ಜಾಗ. ಏಳನೇ ನಿಮಿಷ ದಾಟಿದ ಮೇಲೆ ಸಂಗೀತ ಮೆಲ್ಲಮೆಲ್ಲಗೆ ತಗ್ಗುತ್ತಾ ಬರುತ್ತದೆ. ಆಗ ಊದುವ ವಾದ್ಯಗಳು ನಾಲ್ಕು ಉದ್ದನೆಯ ಸ್ವರ ಹಿಡಿಯುತ್ತವೆ. ಪ, ಗ, ಸ, ದ. ಅದೇ ಸ್ವರಗಳೇ! ಆದರೆ ಎಷ್ಟು ಎಳೆದಿದ್ದಾನೆ ಅಂದರೆ ಗುರುತೇ ಸಿಗುವುದಿಲ್ಲ. ನಾಲ್ಕನೇ ಸ್ವರದ ಮೇಲೆ ತಂತಿ ವಾದ್ಯಗಳು ಮಂಜಿನ ಹಾಗೆ ಮೆಲ್ಲಗೆ ಹರಡಿಕೊಳ್ಳುತ್ತವೆ. ಮತ್ತೆ ನಾಲ್ಕು ಸ್ವರ, ಮ, ರಿ, ನಿ, ಪ. ಮತ್ತೆ ಮಂಜು. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಪಿಟೀಲುಗಳು ಮೊದಲಿನ ನಡೆಯಲ್ಲೇ ರಾಗದ ಮುಂದಿನ ಸಾಲು ಎತ್ತಿಕೊಳ್ಳುತ್ತವೆ. ಶುರುವಿನ ಎಂಟು ಸ್ವರ ನೆನಪಿಲ್ಲದವರಿಗೆ ಇದು ಬರೀ ಒಂದು ಸದ್ದಿಲ್ಲದ ಜಾಗ. ನೆನಪಿದ್ದವರಿಗೆ, ತುಂಬಾ ವರ್ಷ ಆದ ಮೇಲೆ ಹಳೆಯ ಮನೆಯ ಬಾಗಿಲಲ್ಲಿ ನಿಂತ ಹಾಗೆ. ನಾನು ನಿಮ್ಮನ್ನು ಮೊದಲೇ ಗುನುಗಿ ಅಂತ ಕೇಳಿಕೊಂಡದ್ದು ಈ ಅರ್ಧ ನಿಮಿಷಕ್ಕೋಸ್ಕರ.

ಕೊನೆಯ ಒಂದೂವರೆ ನಿಮಿಷದಲ್ಲಿ ಅದೇ ರಾಗ ಪೂರ್ತಿ ಜೋರಿನಲ್ಲಿ ಬರುತ್ತದೆ. ಪಿಟೀಲು ಒಂದು ಕಡೆ, ತಳದ ವಾದ್ಯಗಳು ಇನ್ನೊಂದು ಕಡೆ, ಒಬ್ಬರ ಹಿಂದೆ ಒಬ್ಬರು ಅಟ್ಟಿಸಿಕೊಂಡು ಹೋದ ಹಾಗೆ. ಮೆಲ್ಲಗೆ ನಿಟ್ಟುಸಿರಿನ ಹಾಗೆ ಶುರುವಾದದ್ದು ಟಿಂಪನಿ ಅನ್ನುವ ದೊಡ್ಡ ನಗಾರಿಯ ಪೆಟ್ಟುಗಳಲ್ಲಿ ಮುಗಿಯುತ್ತದೆ.

ಹಂತ 5: ಎರಡನೆಯದು, ಮೂರನೆಯದು

ಎರಡನೇ ಭಾಗವನ್ನು ಹಾರ್ನ್‌ಗಳು ಶುರು ಮಾಡುತ್ತವೆ. ಕೇಳಿದರೆ ತೋಡಿಯ ಸ್ವರಗಳು. ಮೊದಲ ಭಾಗದ ಷಡ್ಜವೇ ಇಲ್ಲೂ ಷಡ್ಜ, ಆದರೆ ಶುದ್ಧ ರಿಷಭ, ಸಾಧಾರಣ ಗಾಂಧಾರ. ಯುರೋಪಿನವರು ಇದನ್ನು ಫ್ರಿಜಿಯನ್ ಅನ್ನುತ್ತಾರೆ, ಹಳೆಯ ಚರ್ಚ್ ಸಂಗೀತದ ಬಣ್ಣ ಅದು. ನಾಲ್ಕು ಗೆರೆ ಆದ ಮೇಲೆ ಕ್ಲಾರಿನೆಟ್ ಅದೇ ರಾಗವನ್ನು ಎತ್ತಿಕೊಳ್ಳುತ್ತದೆ, ತಂತಿಗಳು ಬಿಲ್ಲು ಬಿಟ್ಟು ಬೆರಳಲ್ಲಿ ಮೀಟುತ್ತವೆ, ಆಗ ಸ್ವರಗಳು ಶಂಕರಾಭರಣದ ಕಡೆಗೆ ತಿರುಗುತ್ತವೆ. ಒಂದೇ ರಾಗ, ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ. ಆ ತಿರುವನ್ನು ಐದಾರು ಸಲ ಹಿಂದೆ ಹೋಗಿ ಕೇಳಿ. ವಿಯೆನ್ನಾ ಫಿಲ್ಹಾರ್ಮೋನಿಕ್‌ನವರ ಹಾರ್ನ್ ಬೇರೆ ಆರ್ಕೆಸ್ಟ್ರಾಗಳದ್ದರ ಹಾಗಲ್ಲ, ಹಳೆಯ ಮಾದರಿಯನ್ನೇ ಉಳಿಸಿಕೊಂಡಿದ್ದಾರೆ. ದನಿ ಸ್ವಲ್ಪ ಒರಟು, ಸ್ವಲ್ಪ ಕಾಡಿನದು. ಈ ಶುರುವಿಗೆ ಅದು ಚೆನ್ನಾಗಿ ಹೊಂದುತ್ತದೆ.

ಇದೇ ಭಾಗದಲ್ಲಿ ಚೆಲ್ಲೊಗಳು ಹಾಡುವ ಇನ್ನೊಂದು ರಾಗ ಇದೆ. ಮೊದಲ ಸಲ ಬಂದಾಗ ಗುರುತು ಹಾಕಿಟ್ಟುಕೊಳ್ಳಿ. ಮುಕ್ಕಾಲು ಭಾಗ ಕಳೆದ ಮೇಲೆ ಅದು ಎಲ್ಲ ತಂತಿ ವಾದ್ಯಗಳಲ್ಲೂ ತುಂಬಿಕೊಂಡು ಬರುತ್ತದೆ. ಅಲ್ಲಿ ಬೇರೆ ಏನೂ ಹುಡುಕಬೇಡಿ, ಸುಮ್ನೆ ಕೇಳಿ.

ಮೂರನೆಯದು ಆರು ನಿಮಿಷ. ಜೋರು, ಖುಷಿ, ಗದ್ದಲ. ಬ್ರಾಮ್ಸ್‌ನ ನಾಲ್ಕು ಸಿಂಫನಿಗಳಲ್ಲಿ ಟ್ರಯಾಂಗಲ್ ಬರುವುದು ಇಲ್ಲಿ ಮಾತ್ರ, ಸೈಕಲ್ ಗಂಟೆಯ ಹಾಗೆ ಟಿಣಿಟಿಣಿ ಅನ್ನುವ ಲೋಹದ ತ್ರಿಕೋನ. ನಡುವೆ ಒಂದು ಕಡೆ ಗದ್ದಲ ನಿಂತು ಹಾರ್ನ್‌ಗಳು ಮೃದುವಾಗಿ ಮಾತಾಡುತ್ತವೆ, ಅಷ್ಟು ಗಮನಿಸಿದರೆ ಸಾಕು. ಇದು ಮುಗಿದಾಗ ಸಿಂಫನಿಯೇ ಮುಗಿದ ಹಾಗೆ ಅನ್ನಿಸುತ್ತದೆ. ಮುಗಿದಿಲ್ಲ.

ಹಂತ 6: ಕೊನೆಯ ಭಾಗ, ಬೆರಳಲ್ಲಿ ಎಣಿಸಿ

ನಮ್ಮವರಿಗೆ ಹೇಳಿ ಮಾಡಿಸಿದ ಹಾಗಿದೆ ಅಂದಿದ್ದು ಇದನ್ನೇ. ಮತ್ತೆ ಎಂಟು ಸ್ವರ, ಆದರೆ ಬೇರೆ ಎಂಟು. ಸ, ರಿ, ಗ, ಮ, ಮ, ಪ, ಪ, ಸ. ಮೊದಲ ಮ ಶುದ್ಧ, ಎರಡನೆಯದು ಪ್ರತಿ ಮಧ್ಯಮ. ಮೊದಲ ಪಂಚಮ ಮೇಲಿನದು, ಎರಡನೆಯದು ಒಂದು ಸ್ಥಾಯಿ ಕೆಳಗಿನದು. ಒಂದೊಂದು ಸ್ವರವೂ ಮೂರು ಎಣಿಕೆ. ಮೂರೆಂಟಲ ಇಪ್ಪತ್ನಾಲ್ಕು, ಅಲ್ಲಿಗೆ ಒಂದು ಸುತ್ತು.

ಬ್ರಾಮ್ಸ್‌ಗಿಂತ ಒಂದು ಶತಮಾನಕ್ಕೂ ಹಿಂದಿನ ಜರ್ಮನ್ ಸಂಗೀತಗಾರ ಬಾಖ್‌ನ 150ನೇ ಕ್ಯಾಂಟಾಟಾದ (ಹಾಡುಗಾರರು, ವಾದ್ಯಗಳು ಸೇರಿ ನಡೆಸುವ ಚರ್ಚ್ ಕೃತಿ) ಕೊನೆಯಲ್ಲಿ ಹೀಗೆ ಮೆಟ್ಟಿಲು ಹತ್ತುವ ಒಂದು ಬಾಸ್ ಸಾಲು ಇದೆ. ಬ್ರಾಮ್ಸ್ ಅದನ್ನು ತಗೊಂಡು, ಎರಡು ಮಧ್ಯಮಗಳು ಬೆನ್ನಿಗೆ ಬೆನ್ನು ಬರುವ ಹಾಗೆ ಮಾಡಿದ. ಬಾಖ್‌ನಲ್ಲಿ ಆ ಪ್ರತಿ ಮಧ್ಯಮ ಇಲ್ಲ. ಶುದ್ಧ ಮಧ್ಯಮದಿಂದ ಪ್ರತಿ ಮಧ್ಯಮಕ್ಕೆ ಏರುವಾಗ ಒಂದು ಬಿಗಿ ಹುಟ್ಟುತ್ತದೆ, ಪಂಚಮ ಬಂದ ಮೇಲೇ ಅದು ಸಡಿಲವಾಗುವುದು. ನೀವೇ ಹಾಡಿ ನೋಡಿ, ಗಂಟಲಿಗೇ ಗೊತ್ತಾಗುತ್ತದೆ.

ಈ ಎಂಟು ಸ್ವರವನ್ನು ಆರ್ಕೆಸ್ಟ್ರಾ ಮೊದಲು ಒಮ್ಮೆ ಹೇಳುತ್ತದೆ, ಆಮೇಲೆ ಒಂದರ ಹಿಂದೆ ಒಂದು ಮೂವತ್ತು ಸುತ್ತು ಬರುತ್ತದೆ, ಪ್ರತಿ ಸುತ್ತೂ ಹೊಸ ವೇಷದಲ್ಲಿ. ಕೊನೆಗೆ ಒಂದು ವೇಗದ ಮುಕ್ತಾಯ. ಇದಕ್ಕೆ ಪಸಕಾಲ್ಯ ಅನ್ನುವ ಹೆಸರಿದೆ. ಒಂದೇ ಸಾಲನ್ನು ಆವರ್ತದಿಂದ ಆವರ್ತಕ್ಕೆ ಹೊಸದಾಗಿ ಹಾಡುವ ನೆರವಲ್ ನೆನಪಿಗೆ ಬಂದರೆ ತಪ್ಪೇನಿಲ್ಲ. ವ್ಯತ್ಯಾಸ ಅಂದರೆ ಇಲ್ಲಿ ಒಂದು ಸ್ವರವೂ ಮನೋಧರ್ಮ ಅಲ್ಲ, ಎಲ್ಲ ಬರೆದಿಟ್ಟದ್ದು.

ಮೊದಲ ಹೇಳಿಕೆಯಲ್ಲಿ ತಂತಿ ವಾದ್ಯಗಳೇ ಇಲ್ಲ, ಬರೀ ಊದುವ ವಾದ್ಯ ಮತ್ತು ಟಿಂಪನಿ. ಅದರಲ್ಲಿ ಹಿತ್ತಾಳೆಯ, ಗಂಭೀರ ದನಿಯ ಟ್ರೊಂಬೋನ್‌ಗಳ ದನಿ ಕೇಳಿ. ಅವರು ಮೂವರು ಮೊದಲ ಮೂರು ಭಾಗ ಪೂರ್ತಿ, ಅಂದರೆ ಹತ್ತಿರ ಹತ್ತಿರ ಅರ್ಧ ಗಂಟೆ, ಕೈಕಟ್ಟಿ ಕೂತಿದ್ದವರು. ಈಗಲೇ ಬಾಯಿ ತೆಗೆಯುವುದು. ಬಣ್ಣ ತಟ್ಟನೆ ಬದಲಾಗುವುದಕ್ಕೆ ಅದೇ ಕಾರಣ.

ಎಣಿಸುವುದು ಹೇಗೆ? ಬೆರಳ ಗೆಣ್ಣಿನ ಮೇಲೆ ಒಂದರಿಂದ ಎಂಟು, ಪ್ರತಿ ಗೆಣ್ಣಿಗೆ ಮೂರು ಎಣಿಕೆ. ಒಂದು ಸುತ್ತು ಕ್ಲೈಬರ್ ನಡೆಯಲ್ಲಿ ಹದಿನೈದು ಸೆಕೆಂಡಿನ ಆಸುಪಾಸು. ಮೊದಲ ದಿನ ಐದು ಸುತ್ತು ತಪ್ಪದೆ ಎಣಿಸಿದರೆ ಸಾಕು. ಒಂದನೆಯದರಲ್ಲಿ ತಂತಿಗಳನ್ನು ಮೀಟುತ್ತಾರೆ. ನಾಲ್ಕನೆಯದರಲ್ಲಿ ಪಿಟೀಲುಗಳು ಬಿಲ್ಲು ಎಳೆದು ಹೊಸ ರಾಗವನ್ನೇ ಹಾಡುತ್ತವೆ. ಎಂಟು ಸ್ವರ ಎಲ್ಲಿ ಹೋಯಿತು? ಕೆಳಗೆ ಕೇಳಿ. ಬಾಸ್‌ಗೆ ಇಳಿದಿದೆ. ಫೋನಿನ ಸ್ಪೀಕರ್ ಬೇಡ ಅಂದಿದ್ದು ಇದಕ್ಕೇ.

ಎರಡು-ಮೂರನೇ ನಿಮಿಷದ ನಡುವೆ ಎಲ್ಲ ತಣ್ಣಗಾಗಿ ಒಂಟಿ ಫ್ಲೂಟ್ ಬರುತ್ತದೆ. ಇದು ಹನ್ನೆರಡನೇ ಸುತ್ತು. ಗೆರೆಗಳು ಎಂಟೇ, ಆದರೆ ಒಂದೊಂದರ ಅಳತೆ ದುಪ್ಪಟ್ಟು, ಹಾಗಾಗಿ ಕಾಲವೇ ಅಗಲವಾದ ಹಾಗಾಗುತ್ತದೆ. ಫ್ಲೂಟ್ ತಡವರಿಸುತ್ತಾ, ಉಸಿರು ಕಟ್ಟಿದವರು ಮಾತಾಡಿದ ಹಾಗೆ, ಪೆಟ್ಟು ಬಿಟ್ಟು ಪೆಟ್ಟು ಬಿಟ್ಟು ಮೇಲೆ ಹತ್ತಿ, ಮತ್ತೆ ಇಳಿಯುತ್ತದೆ. ಕೆಳಗೆ ಬರೀ ಹಾರ್ನ್ ಮತ್ತು ತಂತಿಗಳ ಮಿಡಿತ. ಎಷ್ಟು ವರ್ಷ ಕೇಳಿದರೂ ನಾನು ಇಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಅದಾದ ಮೇಲೆ ಕ್ಲಾರಿನೆಟ್, ಓಬೋ ಮಾತು, ಆಮೇಲೆ ಟ್ರೊಂಬೋನ್‌ಗಳು ಪ್ರಾರ್ಥನೆಯ ಹಾಗೆ ಮೆಲ್ಲಗೆ. ಆ ಸಮಾಧಾನ ತುಂಬಾ ಹೊತ್ತು ಉಳಿಯುವುದಿಲ್ಲ. ಹದಿನಾರನೇ ಸುತ್ತಿಗೆ ಮೊದಲ ಎಂಟು ಸ್ವರ ಧಡ್ ಅಂತ ವಾಪಸ್ ಬಂದು ಬಾಗಿಲು ಮುಚ್ಚುತ್ತದೆ.

ಕೊನೆಯ ಎರಡು ಸುತ್ತುಗಳಲ್ಲಿ, ಅಂದರೆ 29 ಮತ್ತು 30ರಲ್ಲಿ, ಕಿವಿ ಚುರುಕಾಗಿಟ್ಟುಕೊಳ್ಳಿ. ಮೊದಲ ಭಾಗದ ಆ ಪ–ಗ–ಸ–ದ ಇಳಿಜಾರು ಇಲ್ಲಿ ಮತ್ತೆ ತಲೆ ಎತ್ತುತ್ತದೆ. ಅರ್ಧ ಗಂಟೆಯ ಹಿಂದಿನ ಮಾತು! ನನಗೆ ಇದು ಕೇಳಿಸಲು ಎಷ್ಟೋ ತಿಂಗಳು ಬೇಕಾಯಿತು. ನಿಮಗೆ ಮೊದಲೇ ಹೇಳಿದ್ದೇನೆ, ಬೇಗ ಸಿಗಬಹುದು. ಮೈನರ್‌ನಲ್ಲಿ (ಕೀರವಾಣಿಯಂಥ ಸ್ವರಗಳಲ್ಲಿ) ಶುರುವಾದ ಸಿಂಫನಿಗಳನ್ನು ಕೊನೆಗೆ ಮೇಜರ್‌ಗೆ (ಶಂಕರಾಭರಣದಂಥ ಸ್ವರಗಳಿಗೆ) ತಂದು ಗೆಲುವಿನಲ್ಲಿ ಮುಗಿಸುವುದು ಆ ಕಾಲದಲ್ಲಿ ರೂಢಿ, ಬ್ರಾಮ್ಸ್‌ನ ಮೊದಲ ಸಿಂಫನಿಯೂ ಹಾಗೇ. ನಾಲ್ಕನೆಯದು ಮೈನರ್‌ನಲ್ಲೇ ಮುಗಿಯುತ್ತದೆ, ಸಮಾಧಾನ ಹೇಳುವುದಿಲ್ಲ.

ಭಾಗಗಳ ನಡುವೆ ಚಪ್ಪಾಳೆ ಹೊಡೆಯಬಾರದು ಅಂತ ಈಗಿನ ಕಛೇರಿಗಳಲ್ಲಿ ಕಟ್ಟುನಿಟ್ಟು. 1897ರ ಮಾರ್ಚ್ 7ರಂದು ವಿಯೆನ್ನಾದಲ್ಲಿ ಕಂಡಕ್ಟರ್ ಹಾನ್ಸ್ ರಿಕ್ಟರ್ ಇದನ್ನು ನುಡಿಸಿದಾಗ ಕಾಯಿಲೆಯಲ್ಲಿ ಸೊರಗಿದ್ದ ಬ್ರಾಮ್ಸ್ ಕೇಳಲು ಬಂದಿದ್ದ, ಜನ ಪ್ರತಿ ಭಾಗಕ್ಕೂ ಚಪ್ಪಾಳೆ ಹೊಡೆದರು. ಏಪ್ರಿಲ್ 3ರಂದು ಅವನು ತೀರಿಕೊಂಡ.

ಹಂತ 7: ತಿಂಗಳಾದ ಮೇಲೆ ಎರಡನೇ ರೆಕಾರ್ಡಿಂಗ್

ಕ್ಲೈಬರ್ ರೆಕಾರ್ಡಿಂಗ್ ಬಾಯಿಪಾಠ ಆಗಿದೆ ಅನ್ನಿಸಿದಾಗ ಮಾತ್ರ ಮುಂದೆ ಹೋಗಿ. ಈಗ ಇನ್ನೊಂದು ಕೇಳಿದರೆ ವ್ಯತ್ಯಾಸ ಮೈಗೆ ತಾಗುತ್ತದೆ. ಒಂದೇ ಕೀರ್ತನೆಯನ್ನು ಇಬ್ಬರು ವಿದ್ವಾಂಸರಿಂದ ಕೇಳಿದ ಹಾಗೆ.

ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ 1948ರಲ್ಲಿ ಮಾಡಿದ ಕಛೇರಿಯ ರೆಕಾರ್ಡಿಂಗ್ ಹುಡುಕಿ. ಮೋನೊ, ಸದ್ದು ಹಳೆಯದು. ಆದರೆ ಮೊದಲ ಸ್ವರವನ್ನೇ ಕೇಳಿ. ಕ್ಲೈಬರ್‌ನಲ್ಲಿ ಅದು ಸೀದಾ ಹೊರಟುಬಿಡುತ್ತದೆ, ಇಲ್ಲಿ ಶೂನ್ಯದಿಂದ ಹುಟ್ಟಿದ ಹಾಗೆ, ಎಳೆದು, ಹಿಂಜರಿದು ಬರುತ್ತದೆ. ಫುರ್ಟ್‌ವೆಂಗ್ಲರ್ ಕಾಲಪ್ರಮಾಣವನ್ನು ರಬ್ಬರಿನ ಹಾಗೆ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಒಂದೇ ಕಾಲಪ್ರಮಾಣಕ್ಕೆ ಒಗ್ಗಿದ ಕಿವಿಗೆ ಮೊದಲು ಕಷ್ಟ ಆಗಬಹುದು, ಮೊದಲ ಭಾಗದ ಕೊನೆಯಲ್ಲಿ ಅವನು ಓಡುವ ಓಟ ಕೇಳಿದ ಮೇಲೆ ಯಾಕೆ ಹಾಗೆ ಮಾಡಿದ ಅಂತ ಗೊತ್ತಾಗುತ್ತದೆ. ಇಲ್ಲೊಂದು ಮಾತು. ಈ ಫುರ್ಟ್‌ವೆಂಗ್ಲರ್ 1950ರಲ್ಲಿ ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯ ಆರ್ಕೆಸ್ಟ್ರಾ ಜೊತೆ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಮೊದಲ ಬಾರಿಗೆ ನುಡಿಸಿದಾಗ, ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ರಷ್ಯಾದ ಸಂಗೀತಗಾರ ಮೆಟ್ನರ್‌ನ ಕೃತಿಗಳ ರೆಕಾರ್ಡಿಂಗ್‌ಗೂ ಹಣ ಕೊಟ್ಟವರು ಅವರೇ. ಈ ಸಂಗೀತ ನಮಗೆ ದೂರದ್ದು ಅನ್ನುವಾಗ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಮೂರನೆಯದಾಗಿ ಚಾರ್ಲ್ಸ್ ಮೆಕೆರಸ್ ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾ ಜೊತೆ ಮಾಡಿದ್ದು. ಮೈನಿಂಗೆನ್‌ನಲ್ಲಿ ಐವತ್ತು ಜನರೊಳಗೆ ಇದ್ದರು ಅಂದಿದ್ದೆನಲ್ಲ, ಆ ಗಾತ್ರಕ್ಕೆ ಹತ್ತಿರದ ಆರ್ಕೆಸ್ಟ್ರಾ ಇದು. ತಂತಿ ವಾದ್ಯ ಕಡಿಮೆ ಇರುವುದರಿಂದ ಊದುವ ವಾದ್ಯಗಳು ತಾವಾಗಿಯೇ ಮುಂದೆ ಬರುತ್ತವೆ. ಹಳೆಯ ಕಾಲದ ವಾದ್ಯಗಳಲ್ಲೇ, ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ ಹಾಕಿ ನುಡಿಸಿದ್ದು ಬೇಕಿದ್ದರೆ ಜಾನ್ ಎಲಿಯಟ್ ಗಾರ್ಡಿನರ್‌ದು ಇದೆ. ನನಗೆ ಅದು ಒಣಗಿದ ಹಾಗೆ ಅನ್ನಿಸುತ್ತದೆ, ತುಂಬಾ ಇಷ್ಟಪಡುವವರೂ ಇದ್ದಾರೆ.

ಹೋಲಿಸುವಾಗ ಪೂರ್ತಿ ಸಿಂಫನಿ ಹೋಲಿಸಲು ಹೋಗಬೇಡಿ, ತಲೆ ಕೆಡುತ್ತದೆ. ಮೂರೇ ಜಾಗ ಇಟ್ಟುಕೊಳ್ಳಿ. ಮೊದಲ ಹದಿನೈದು ಸೆಕೆಂಡ್, ಮೊದಲ ಭಾಗದ ಆ ಮಂಜಿನ ಜಾಗ, ಕೊನೆಯ ಭಾಗದ ಫ್ಲೂಟ್. ಫ್ಲೂಟ್‌ಗೆ ಬರುವ ಮುಂಚೆ ಕಂಡಕ್ಟರ್ ನಡೆ ತಗ್ಗಿಸುತ್ತಾನಾ, ಎಷ್ಟು? ಹಾರ್ನ್‌ಗಳ ಮಿಡಿತ ಕೇಳಿಸುತ್ತದಾ? ಫ್ಲೂಟ್ ನುಡಿಸುವವರ ಉಸಿರು ಕೇಳಿಸುತ್ತದಾ? ಇಷ್ಟು ಪ್ರಶ್ನೆ ಸಾಕು.

ಇನ್ನೂ ಬೇಕು ಅನ್ನುವವರಿಗೆ

ಬಾಖ್, ಬ್ರಾಮ್ಸ್ ಎಲ್ಲ ಕಾಪಿರೈಟ್ ಮುಗಿದವರು. ಹಾಗಾಗಿ ಇಡೀ ಆರ್ಕೆಸ್ಟ್ರಾದ ಸ್ವರಲಿಪಿ ಐಎಂಎಸ್‌ಎಲ್‌ಪಿ ಅನ್ನುವ ತಾಣದಲ್ಲಿ ದುಡ್ಡು ಕೊಡದೆ ಸಿಗುತ್ತದೆ. ಓದಲು ಬರದಿದ್ದರೂ ಒಮ್ಮೆ ತೆರೆದು ನೋಡಿ. ನಾಲ್ಕನೇ ಭಾಗದ ಮೊದಲ ಎಂಟು ಗೆರೆಗಳಲ್ಲಿ ತಂತಿ ವಾದ್ಯಗಳ ಸಾಲೆಲ್ಲ ಖಾಲಿ. ಕಣ್ಣಿಗೇ ಕಾಣುತ್ತದೆ. ನೋಡಿ ಕಲಿಯುವುದು ಇಷ್ಟ ಅಂದರೆ, 1996ರಲ್ಲಿ ಕ್ಲೈಬರ್ ಮ್ಯೂನಿಕ್‌ನಲ್ಲಿ ಬವೇರಿಯನ್ ಸ್ಟೇಟ್ ಆರ್ಕೆಸ್ಟ್ರಾ ಜೊತೆ ಇದೇ ಸಿಂಫನಿ ನುಡಿಸಿದ ವಿಡಿಯೊ ಇದೆ. ಯಾವ ದನಿ ಯಾವ ವಾದ್ಯದ್ದು ಅಂತ ಗೊಂದಲ ಇರುವವರಿಗೆ ಒಂದೇ ಸಲಕ್ಕೆ ಬಿಡಿಸಿಕೊಡುತ್ತದೆ.

ಇದಾದ ಮೇಲೆ ಎಲ್ಲಿಗೆ ಅಂದರೆ, 1883ರಲ್ಲಿ ಬ್ರಾಮ್ಸ್ ಬರೆದ ಮೂರನೇ ಸಿಂಫನಿಗೆ. ಅದರ ನಾಲ್ಕೂ ಭಾಗಗಳು ಮೆಲ್ಲಗೆ ಮುಗಿಯುತ್ತವೆ. ಅದರ ಶುರುವಿನಲ್ಲೂ ಮೂರು ಸ್ವರ ಇವೆ, ಮೂರೇ. ಹಾಕುವ ಮುಂಚೆ ಆಟೋಪ್ಲೇ ಆಫ್ ಮಾಡಿ, ಅದರ ಕೊನೆಯ ಸದ್ದು ಆರುವವರೆಗೂ ಹೆಡ್‌ಫೋನ್ ತೆಗೆಯಬೇಡಿ.